ಮುರುಕು ಹಲ್ಲಿನ ಗಾಳಿ

ನನ್ನ ಕ್ಲಿನಿಕ್ಕಿನಲ್ಲಿ ಕೈ ತೊಳೆಯುವ ಬೇಸಿನ್ನಿನ ಮೇಲೆ ಒಂದು ಶೆಲ್ಫಿದೆ. ಆ ಶೆಲ್ಫಿನ ಮೇಲೆ ಒಂದು ಬಾಯಿ ಇದೆ. ಗಾಬರಿಯಾಗಬೇಡಿ, ಪ್ಲಾಸ್ಟರಿನ ಬಾಯಿ. ಹಲ್ಲಿನ ಸೆಟ್ಟು ಕಟ್ಟುವ ಮೊದಲು ನಾವು ರೋಗಿಯ ಬಾಯಿಯ ಅಚ್ಚು ತೆಗೆದು, ಅದಕ್ಕೆ ಪ್ಲಾಸ್ಟರು ಸುರಿದು ಇಂಥದ್ದೊಂದು ಮಾಡಿಕೊಳ್ಳುತ್ತೇವೆ. ಸೆಟ್ಟು ಕೊಟ್ಟ ಮೇಲೆ ಅದಕ್ಕೆ ಕೆಲಸವಿಲ್ಲ, ಎಸೆಯುತ್ತೇವೆ. ತುಮಕೂರಿನಲ್ಲಿ ಬೋರ್ಡು ಹಾಕಿಕೊಂಡು ಕೂತ ಇಷ್ಟು ವರ್ಷದಲ್ಲಿ ಎಷ್ಟೋ ಬಾಯಿಗಳನ್ನು ಎಸೆದಿದ್ದೇನೆ. ಇದೊಂದನ್ನು ಎಸೆಯಲು ಮನಸ್ಸು ಬಂದಿಲ್ಲ.

ಕ್ಲಿನಿಕ್ಕು ಗುಡಿಸುವ ಗಂಗಮ್ಮನಿಗೂ ಈ ಬಾಯಿಗೂ ಆಗುವುದಿಲ್ಲ. ಬೆಳಿಗ್ಗೆ ಬಂದವಳೇ ಅದನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಾಳೆ. ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಅದು ನಮ್ಮ ಕಡೆ ನೋಡುತ್ತಿರುತ್ತದೆ.

"ಕಂಪ್ರೆಸರ್ ಓಡ್ದಾಗ ಗೋಡೆ ಅದುರುತ್ತೆ ಗಂಗಮ್ಮ. ಅದುರಿದಾಗ ಹಾಗೇ ಸ್ವಲ್ಪ ಸ್ವಲ್ಪ ತಿರುಗುತ್ತೆ," ಎಂದು ಒಂದು ದಿನ ನನಗೆ ಗೊತ್ತಿದ್ದ ವಿಜ್ಞಾನವನ್ನೆಲ್ಲ ಹೇಳಿದೆ.

"ಸರಿ ಕಣ್ರಮ್ಮ. ಪಕ್ಕದಾಗೆ ಸೆಟ್ಟು ಕಟ್ಟಕ್ ಇಟ್ಟಿರೋ ಇನ್ನೂ ನಾಕ್ ಬಾಯಿ ಅವಲ್ಲ, ಅವ್ಯಾಕ್ ತಿರುಗಲ್ಲ?"

ನೀವು ಒಳಗೆ ಬಂದು ಹತ್ತಿರದಿಂದ ನೋಡಿದರೆ ಆ ಅಚ್ಚಿನ ಬಲಗಡೆಯ ಮುಂದಿನ ಹಲ್ಲು ಓರೆಯಾಗಿ ಮುರಿದಿರುವುದು ಕಾಣುತ್ತದೆ. ಅದು ನನ್ನ ಸೋದರಮಾವನ ಬಾಯಿ. ಅವರ ಹೆಸರು ರುದ್ರಮೂರ್ತಿ. ನಮಗೆ ರುದ್ರಮಾವ, ಬೆಂಗಳೂರಿನ ಹೋಟೆಲುಗಳ ಬೋರ್ಡಿನಲ್ಲಿ ಒಂದಾನೊಂದು ಕಾಲಕ್ಕೆ 'ರೂಡಿ ಮೂರ್ತಿ'. ಅವರು ಜಾಸ್ ಸಂಗೀತದ ಸ್ಯಾಕ್ಸೊಫೋನ್ ವಾದಕರಾಗಿದ್ದರು.

ಗುಬ್ಬಿಯ ಕೊಬ್ಬರಿ ಮಂಡಿಯ ಮನೆಯಲ್ಲಿ, ಹಣೆತುಂಬ ವಿಭೂತಿ ಬಳಿದುಕೊಳ್ಳುವ ಜನರ ನಡುವೆ, ಜಾಸ್ ನುಡಿಸುವವನೊಬ್ಬ ಹೇಗೆ ಹುಟ್ಟಿದ ಎಂದು ನೀವು ಕೇಳಬಹುದು. ಆ ಪ್ರಶ್ನೆಯನ್ನು ನಮ್ಮ ಅಜ್ಜಿ ಸಾಯುವವರೆಗೆ ಕೇಳಿದರು. ಮೊದಲು ನಾಟಕದ ಕಂಪನಿಯಲ್ಲಿ ಕ್ಲಾರಿಯೊನೆಟ್ ಊದಿ ಸುಸ್ತಾಗಿ ಬಂದು ಊರಲ್ಲಿ ಕೂತಿದ್ದ ಮುದುಕರೊಬ್ಬರು ಮಾವನಿಗೆ ಊದುವುದು ಕಲಿಸಿದರು. ಆಮೇಲೆ ಮನೆಯವರು ಬಿ.ಕಾಂ. ಓದಲು ಬೆಂಗಳೂರಿಗೆ ಕಳಿಸಿದರೆ, ಅಲ್ಲಿ ಬಿ.ಕಾಂ. ಬಿಟ್ಟು ಮಿಕ್ಕಿದ್ದೆಲ್ಲ ಓದಿದ ಮಾವ ಸ್ಯಾಕ್ಸೊಫೋನ್ ಹಿಡಿದುಕೊಂಡು ಮನೆಗೆ ಬಂದರು. ಅಜ್ಜಿ ಅದನ್ನು ಎರಡು ಮಾರು ದೂರದಿಂದ ನೋಡಿದರು. ಮಾವ ನುಡಿಸಿ ಮುಗಿಸಿ ಅದನ್ನು ತಲೆಕೆಳಗು ಮಾಡಿದಾಗ ಅದರ ಬಾಯಿಂದ ನೀರು ತೊಟ್ಟಿಕ್ಕಿತು. "ಏನ್ಲಾ ಇದು, ಜೊಲ್ಲು ಸುರಿಸ್ತದೆ," ಎಂದು ಅಜ್ಜಿ ಸೆರಗು ಮೂಗಿಗೆ ಹಿಡಿದರು. ಆವತ್ತಿನಿಂದ ಆ ವಾದ್ಯ ಪೂಜೆಯ ಕೋಣೆಯ ಹೊಸ್ತಿಲು ದಾಟಲಿಲ್ಲ. ಆಯುಧಪೂಜೆಯ ದಿನ ಮಾತ್ರ ಅಜ್ಜಿ ದೂರದಿಂದಲೇ ಅದರ ಮೇಲೆ ಒಂದು ಹೂವು ಎಸೆಯುತ್ತಿದ್ದರು.

ಅಜ್ಜಿಯ ನಿಜವಾದ ಭಯ ಬೇರೆಯಿತ್ತು. ಮಾವನಿಗೆ ಅಂತೋಣಿ ಎಂಬ ಗೆಳೆಯನಿದ್ದ. ಕುಣಿಗಲ್ಲಿನವನು. ಅವನಪ್ಪ ಅಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದ. ಅಂತೋಣಿ ಚರ್ಚಿನ ಬ್ಯಾಂಡಿನಲ್ಲಿ ಊದುವುದು ಕಲಿತು, ಬೆಂಗಳೂರಿನಲ್ಲಿ ಮಾವನ ಜೊತೆ ಒಂದೇ ಹೋಟೆಲಿನಲ್ಲಿ, ಒಂದೇ ವೇದಿಕೆಯಲ್ಲಿ ನುಡಿಸುತ್ತಿದ್ದ. ಇಬ್ಬರದೂ ಒಂದೇ ಅಳತೆಯ ಸ್ಯಾಕ್ಸೊಫೋನು. ಅದರ ಮೂತಿಗೆ ಕಟ್ಟುವ ಬೆತ್ತದ ಸೀಳು, ರೀಡ್ ಎನ್ನುತ್ತಾರೆ, ಒಬ್ಬನದು ಸೀಳಿದರೆ ಇನ್ನೊಬ್ಬನದನ್ನು ಹಾಕಿಕೊಂಡು ನುಡಿಸುತ್ತಿದ್ದರು. ಇದು ಅಜ್ಜಿಯ ಕಿವಿಗೆ ಬಿತ್ತು. "ಬಾಯಲ್ಲಿ ಚೀಪಿದ್ದನ್ನ ಬಾಯಿಗ್ ಹಾಕ್ಕಂತೀಯೇನ್ಲಾ? ಒಬ್ಬರ ಎಂಜಲು ತಿಂದ್ರೆ ಅವರ್ ಬುದ್ಧಿ ಬತ್ತದೆ ಕಣೋ," ಎಂದು ಗದರಿದರು. ಮಾವ ನಕ್ಕು, "ಅಂತೋಣಿ ಬುದ್ಧಿ ಬಂದ್ರೆ ನಾನ್ ಉದ್ಧಾರ ಆಯ್ತೀನಿ ಬುಡವ್ವ," ಎಂದರು. ನಾನು ಆಗ ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ಎಂಜಲಿನಲ್ಲಿ ಬುದ್ಧಿ ಹೇಗೆ ಸೇರಿಕೊಳ್ಳುತ್ತದೆ ಎಂದು ಬಹಳ ದಿನ ಯೋಚಿಸಿದೆ. ಈಗ ಎಂಜಲಿನಲ್ಲಿ ಏನೇನಿರುತ್ತದೆ ಎಂದು ಓದಿ ಪಾಸಾಗಿದ್ದೇನೆ. ಬುದ್ಧಿಯ ವಿಷಯ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಬೇಸಿಗೆ ರಜೆಗೆ ನಾವು ಗುಬ್ಬಿಗೆ ಹೋದಾಗ ಮಾವನೂ ಕೆಲವು ದಿನ ಬಂದಿರುತ್ತಿದ್ದರು. ಸಂಜೆ ಐದಕ್ಕೆ ಸರಿಯಾಗಿ ಮಹಡಿಯ ಕೋಣೆಯಲ್ಲಿ ಕೂತು ಕಣ್ಣು ಮುಚ್ಚಿ ಊದಲು ಶುರು ಮಾಡುತ್ತಿದ್ದರು. ಆ ಕೋಣೆಯ ಮೇಲೆ ಅಟ್ಟ. ಅಟ್ಟದ ತುಂಬ ಉಂಡೆ ಕೊಬ್ಬರಿಗೆಂದು ಒಣಗಲು ಬಿಟ್ಟ ತೆಂಗಿನಕಾಯಿ. ವರ್ಷ ಕಳೆಯುವ ಹೊತ್ತಿಗೆ ಒಳಗಿನ ಕೊಬ್ಬರಿ ಚಿಪ್ಪಿನಿಂದ ಕಳಚಿಕೊಂಡು, ಇಲಿ ಓಡಾಡಿದರೂ ಗೊಟಗುಟ್ಟುತ್ತದೆ. ಮಾವ ಸ್ವಲ್ಪ ಹೊತ್ತು ಊದುವರು, ನಿಲ್ಲಿಸುವರು. ವಾದ್ಯ ತುಟಿಯಲ್ಲೇ ಇರುತ್ತಿತ್ತು, ಕಾಲು ತಾಳ ಹಾಕುತ್ತಲೇ ಇರುತ್ತಿತ್ತು. ಮುಖದಲ್ಲಿ ಮಾತ್ರ ಯಾರದೋ ಮಾತು ಕೇಳುತ್ತಿರುವ ಕಳೆ. ನಡುವೆ ಒಮ್ಮೆ ತಲೆದೂಗುವರು, ಒಮ್ಮೊಮ್ಮೆ ನಗುವರು. ಮೇಲೆ ಅಟ್ಟದಲ್ಲಿ ಕಾಯಿ ಗೊಟಕ್ ಎನ್ನುವುದು. ಮತ್ತೆ ಊದುವರು.

"ಯಾಕ್ ಮಾವ ಮಧ್ಯೆ ಮಧ್ಯೆ ನಿಲ್ಲಿಸ್ತೀರಾ?" ಎಂದು ಕೇಳಿದ್ದೆ.

"ನಾನೆಲ್ ನಿಲ್ಸಿದೆ? ಈಗ ಅಂತೋಣಿ ನುಡಿಸ್ತಾವ್ನೆ."

"ಅವರು ರಜೆಗೆ ಹೋಗಿ ಕುಣಿಗಲ್‌ನಲ್ಲಿದಾರಲ್ಲ?"

"ಅಲ್ಲೇ ನುಡಿಸ್ತಾವ್ನೆ. ಐದು ಗಂಟೆಗೆ ಅವನು ಅಲ್ಲಿ, ನಾನು ಇಲ್ಲಿ."

ಜಾಸಿನಲ್ಲಿ ಇದೊಂದು ರೂಢಿಯಂತೆ. ಇಬ್ಬರು ವಾದಕರು ನುಡಿಸುವ ಸರದಿ ಹಂಚಿಕೊಳ್ಳುತ್ತಾರೆ. ತಾಳದ ನಾಲ್ಕು ಸುತ್ತು ಒಬ್ಬ ಮನಸ್ಸಿಗೆ ಬಂದದ್ದು ನುಡಿಸಬೇಕು, ಮುಂದಿನ ನಾಲ್ಕು ಸುತ್ತು ಇನ್ನೊಬ್ಬ ಅದಕ್ಕೆ ಉತ್ತರ ಕೊಡಬೇಕು. ಒಬ್ಬನ ನಾಲ್ಕರೊಳಗೆ ಇನ್ನೊಬ್ಬ ಕಾಲಿಡುವಂತಿಲ್ಲ. ಬೇಕಿದ್ದರೆ ಅವನು ತನ್ನ ನಾಲ್ಕನ್ನು ಖಾಲಿ ಬಿಡಬಹುದು, ಅದೂ ಒಂದು ಉತ್ತರವೇ. ಮಾವ ನನಗೆ ಸುತ್ತು ಎಣಿಸುವುದನ್ನು ಕಲಿಸಿದರು. ಅವರ ನಾಲ್ಕು ಮುಗಿದ ಮೇಲೆ ನಾನು ಖಾಲಿ ನಾಲ್ಕನ್ನು ಬೆರಳು ಮಡಿಸಿ ಎಣಿಸುತ್ತಿದ್ದೆ. ಹೇಳಿದರೆ ನಗುತ್ತೀರಿ, ಆ ನಿಶ್ಶಬ್ದದಲ್ಲಿ ಕೋಣೆಯಲ್ಲಿ ಒಬ್ಬರು ಹೆಚ್ಚಾದಂತೆ ನನಗೆ ಅನಿಸುತ್ತಿತ್ತು. ಅದಕ್ಕೇ ಯಾವಾಗಲೂ ಬಾಗಿಲ ಹತ್ತಿರವೇ ಕೂರುತ್ತಿದ್ದೆ.

ಮಾವನ ನಾದಕ್ಕೊಂದು ಗುರುತಿತ್ತು. ಪ್ರತಿ ಸ್ವರ ಹೊರಡುವ ಮುಂಚೆ 'ಸ್ಸ್' ಎಂದು ಕೊಂಚ ಗಾಳಿ ಸೋರುತ್ತಿತ್ತು. ಹುಡುಗನಾಗಿದ್ದಾಗ ಮಂಡಿಯಲ್ಲಿ ಯಾರದೋ ಜೊತೆ ಪಂಥ ಕಟ್ಟಿ ಉಂಡೆ ಕೊಬ್ಬರಿಯನ್ನು ಇಡಿಯಾಗಿ ಕಚ್ಚಿದಾಗ ಮುಂದಿನ ಹಲ್ಲು ಓರೆಯಾಗಿ ಮುರಿದಿತ್ತು. ವಾದ್ಯದ ಮೂತಿಯನ್ನು ಮೇಲಿನ ಹಲ್ಲು ಕಚ್ಚಿ ಹಿಡಿಯಬೇಕಲ್ಲ, ಆ ಮುರುಕಿನ ಸಂದಿಯಿಂದ ಗಾಳಿ ಸೋರುವುದು. ಬೇರೆಯವರಿಗೆ ಅದು ದೋಷ. ಮಾವ ಅದನ್ನೇ ಪಳಗಿಸಿಕೊಂಡು, ಹಾಡುಗಾರ ಉಸಿರೆಳೆದುಕೊಂಡು ಹಾಡಿದಂತೆ ನುಡಿಸುತ್ತಿದ್ದರು. ಅಂತೋಣಿಯದು ಇದಕ್ಕೆ ಉಲ್ಟಾ. ಅವನ ಹಲ್ಲು ಟೂತ್‌ಪೇಸ್ಟಿನ ಜಾಹೀರಾತಿನವರಿಗೆ ಹೊಟ್ಟೆಕಿಚ್ಚು ತರುವಂಥದ್ದು. ಅವನ ಸ್ವರ ಸೋರದೆ, ದುಂಡಗೆ, ನೇರವಾಗಿ ಬಂದು ಎದೆಗೆ ತಗಲುತ್ತಿತ್ತು. ಅವನು ಗುಬ್ಬಿಗೆ ಬಂದು ನುಡಿಸಿದಾಗ ಕಣ್ಣು ಮುಚ್ಚಿ ಕೇಳಿದರೂ ಯಾರದು ಯಾವುದೆಂದು ಅಜ್ಜಿಗೂ ಗೊತ್ತಾಗುತ್ತಿತ್ತು.

ಹೋಟೆಲುಗಳಿಗೆ ಕೀಬೋರ್ಡು ಬಂದ ಮೇಲೆ ಊದುವವರು ಬೇಡವಾದರು. ಅಂತೋಣಿ ಕುಣಿಗಲ್ಲಿಗೆ ಹೋಗಿ ಹೆಂಡತಿ ಸೆಲಿನಮ್ಮನ ಜೊತೆ ನೆಲೆಯೂರಿ, ಚರ್ಚಿನ ಬ್ಯಾಂಡಿಗೆ ಪಾಠ ಹೇಳತೊಡಗಿದ. ಮದುವೆಯನ್ನೇ ಆಗದ ಮಾವ ಗುಬ್ಬಿಗೆ ವಾಪಸು ಬಂದು ತುಮಕೂರಿನ ಒಂದು ಬ್ಯಾಂಡ್‌ಸೆಟ್ಟಿಗೆ ಸೇರಿದರು. ಕೆಂಪು ಕೋಟು, ಜರಿಪಟ್ಟಿ, ತಲೆಗೆ ದೊಗಲೆ ಟೋಪಿ ಹಾಕಿಕೊಂಡು ಮದುವೆ ಮೆರವಣಿಗೆಯಲ್ಲಿ ಸಿನಿಮಾ ಹಾಡು ಊದುವ ಕೆಲಸ. ಅವರಿಗೆ ಅದರಲ್ಲಿ ಬೇಸರವಿರಲಿಲ್ಲ, ಮೆರವಣಿಗೆ ಎದುರಾದರೆ ನಾನೇ ಪಕ್ಕದ ಬೀದಿಗೆ ತಿರುಗಿಕೊಳ್ಳುತ್ತಿದ್ದೆ. ಪ್ರತಿ ಗುರುವಾರ ಮಾತ್ರ ಯಾವ ಮದುವೆಯನ್ನೂ ಒಪ್ಪಿಕೊಳ್ಳದೆ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋಗುತ್ತಿದ್ದರು. ಐದು ಗಂಟೆಗೆ ಅಂತೋಣಿಯ ಮನೆಯ ವರಾಂಡದಲ್ಲಿ ಇಬ್ಬರೂ ಎದುರುಬದುರು ಕೂತು, ಕಣ್ಣು ಮುಚ್ಚಿಕೊಂಡು, ನಾಲ್ಕು ನಾನು ನಾಲ್ಕು ನೀನು.

ಅಂತೋಣಿ ಹೇಗೆ ಹೋದ ಎಂಬುದನ್ನು ಮಾವ ಹೇಳಿದ್ದು ನನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು. ಆಗಲೇ ಅದಾಗಿ ಎಷ್ಟೋ ವರ್ಷವಾಗಿತ್ತು. ಸಕ್ಕರೆ ಕಾಯಿಲೆಯಿಂದ ಮಾವನ ವಸಡು ಸೋತು, ಮೇಲಿನ ಹಲ್ಲುಗಳೆಲ್ಲ ಅಲ್ಲಾಡುತ್ತಿದ್ದವು. ಕೀಳಿಸದೆ ದಾರಿಯಿರಲಿಲ್ಲ. ಮೊದಲ ಇಂಜೆಕ್ಷನ್ ಕೊಟ್ಟು ತುಟಿ ಮರಗಟ್ಟಲಿ ಎಂದು ನಾನು ಕಾಯುತ್ತಿದ್ದೆ. ಅರ್ಧ ಮರಗಟ್ಟಿದ ಬಾಯಿಯಲ್ಲಿ ಅವರು ತಾವಾಗಿಯೇ ಶುರುಮಾಡಿದರು.

"ಆವತ್ತು ಗುರುವಾರ ಕಣಮ್ಮ. ನನ್ ನಾಲ್ಕು ನುಡಿಸ್ದೆ. ಅವನ್ ನಾಲ್ಕು ಬಂತು, ಅವನು ನುಡಿಸ್ಲಿಲ್ಲ. ತುಂಟ ನನ್ಮಗ, ಖಾಲಿ ಬುಟ್ಟವ್ನೆ ಅಂತ ನಗು ಬಂತು. ಅದಕ್ಕೆ ತಕ್ಕಂಗೆ ನನ್ ನಾಲ್ಕು ನುಡಿಸ್ದೆ. ಮತ್ತೆ ಖಾಲಿ. ಎಂಥಾ ಉತ್ತರ ಕೊಡ್ತಾವ್ನೆ ಅಂತ ನಂಗೆ ಖುಷಿನೇ ಆಯ್ತು. ಹಂಗೇ ನುಡಿಸ್ತಾ ಹೋದೆ. ಕಣ್ ಬಿಡ್ಲೇ ಇಲ್ಲ. ಸೆಲಿನಮ್ಮ ಟೀ ತಗಂಡ್ ಬಂದು ಲೋಟ ಕೆಳಗೆ ಬೀಳ್ಸಿದ್ಮೇಲೆ ಬಿಟ್ಟೆ."

ಅಂತೋಣಿ ಗೋಡೆಗೆ ಒರಗಿ ಕೂತಿದ್ದನಂತೆ, ವಾದ್ಯ ಮಡಿಲಲ್ಲಿ. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದನೋ.

ನಾನು ಇಕ್ಕಳ ಒರೆಸುತ್ತ ನಿಂತೆ. ಮಾವ ಇನ್ನೊಂದು ಮಾತು ಸೇರಿಸಿದರು, "ಯಾರ್ಗೂ ಹೇಳಿಲ್ಲ ನಿಂಗೆ ಹೇಳ್ತೀನಿ. ಮೊದಲ್ನೇದು ಖಾಲಿ, ಎರಡನೇದು ಖಾಲಿ. ಮೂರನೇದ್ರಿಂದ ನಂಗೆ ಕೇಳಿಸ್ತಿತ್ತು ಕಣಮ್ಮ. ಅದಕ್ಕೇ ಕಣ್ ಬಿಡ್ಲಿಲ್ಲ."

ತುಟಿ ಮರಗಟ್ಟಿತ್ತು, ಹಲ್ಲು ಕಿತ್ತೆ.

ಅಂತೋಣಿ ಹೋದ ಮೇಲೆ ಬ್ಯಾಂಡ್‌ಸೆಟ್ಟಿನಲ್ಲೂ ಮಾವನಿಗೆ ಅದೇ ಚಾಳಿ ಅಂಟಿಕೊಂಡಿತ್ತಂತೆ. ಮೆರವಣಿಗೆಯ ನಡುವೆ, ಡೋಲು ಬಡಿಯುತ್ತಿರುವಾಗ, ಇವರು ನಾಲ್ಕು ಸುತ್ತು ನುಡಿಸಿ ನಾಲ್ಕು ಸುತ್ತು ಬಾಯಿ ಮುಚ್ಚಿಕೊಂಡು ನಡೆಯುವರು. ಗಂಡಿನ ಕಡೆಯವರು ದಬಾಯಿಸಿದರೆ ಬ್ಯಾಂಡ್ ಮಾಸ್ಟರು, "ಅವ್ರಿಗೆ ಆಗಾಗ ಹಿಂಗಾಯ್ತದೆ ಸ್ವಾಮಿ, ಈಗ್ ಸರಿಹೋಯ್ತದೆ," ಎಂದು ಸಮಾಧಾನ ಹೇಳುವರು. ಅದೇ ಮಾಸ್ಟರು ತಮ್ಮ ದವಡೆ ಹಲ್ಲು ತೋರಿಸಲು ಬಂದಾಗ ನನಗೊಂದು ಸಂಗತಿ ಹೇಳಿದರು. ಮದುವಣಿಗ ಕೂರುವ ಬಿಳಿ ಕುದುರೆ ಆ ಖಾಲಿ ನಾಲ್ಕು ಸುತ್ತು ಬಂದಾಗಲೆಲ್ಲ ಕಿವಿ ನಿಮಿರಿಸಿ ಮಾವನ ಎಡಗಡೆಗೆ ಕತ್ತು ತಿರುಗಿಸುತ್ತಿತ್ತಂತೆ. ಮಾವನ ಎಡಗಡೆ ಯಾರೂ ಇರುತ್ತಿರಲಿಲ್ಲ. ವೇದಿಕೆಯ ಮೇಲೆ ಅಂತೋಣಿ ಯಾವಾಗಲೂ ಎಡಗಡೆ ನಿಲ್ಲುತ್ತಿದ್ದನೆಂಬುದು ಮಾಸ್ಟರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹಲ್ಲು ಕೀಳುವ ಮೊದಲೇ ಮಾವನ ಬಾಯಿಯ ಅಚ್ಚು ತೆಗೆದಿಟ್ಟುಕೊಂಡಿದ್ದೆ, ಈ ಶೆಲ್ಫಿನ ಮೇಲಿರುವುದೇ ಅದು. ಅದರಂತೆಯೇ ಕಟ್ಟಬೇಕಿತ್ತು. ಆದರೆ ಹಲ್ಲಿನ ಡಾಕ್ಟರಿಗೆ ಮುರುಕು ಹಲ್ಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಜೀವನವಿಡೀ ಮುರುಕು ಹಲ್ಲಿನಲ್ಲಿ ನಕ್ಕ ಮಾವನಿಗೆ ಈ ವಯಸ್ಸಿನಲ್ಲಾದರೂ ಒಂದು ಚೆಂದದ ಸಾಲು ಕೊಡೋಣ ಎಂಬ ಪ್ರೀತಿ ಬೇರೆ. ಹದಿನಾಲ್ಕು ಹಲ್ಲನ್ನೂ ತೀಡಿ, ಸಂದಿಯಿಲ್ಲದಂತೆ, ಮದುವೆ ಗಂಡಿಗೆ ಕಟ್ಟುವ ಹಾಗೆ ಕಟ್ಟಿದೆ. ವಸಡು ಮಾಗಿದ ಮೇಲೆ ಹಾಕಿ ಕನ್ನಡಿ ತೋರಿಸಿದೆ. ಮಾವ ಬಹಳ ಹೊತ್ತು ನೋಡಿಕೊಂಡರು. "ಯಾರೋ ನೆನಪಾಯ್ತಾರಲ್ಲ," ಎಂದರು.

ಹದಿನೈದು ದಿನ ಬಿಟ್ಟು ವಾದ್ಯದ ಪೆಟ್ಟಿಗೆ ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದರು. ಮಧ್ಯಾಹ್ನ, ರೋಗಿಗಳಿರಲಿಲ್ಲ. ಪಕ್ಕದ ಮೊಬೈಲ್ ಅಂಗಡಿಯ ಸದ್ದಿನ ನಡುವೆಯೇ ಕೂತು ನುಡಿಸಿದರು. ಸ್ವರ ದುಂಡಗೆ, ನೇರವಾಗಿ ಬಂದು ನನ್ನ ಎದೆಗೆ ತಗಲಿತು. ಎಲ್ಲೂ ಗಾಳಿ ಸೋರಲಿಲ್ಲ. ಕಿವಿಗೆ ಬಿದ್ದು ಎಷ್ಟೋ ವರ್ಷವಾಗಿದ್ದ ಅಂತೋಣಿಯ ನಾದ ಅದು.

"ನಾನಲ್ಲ ಕಣಮ್ಮ ಇದು," ಎಂದರು ಮಾವ. ಅವರ ಕಣ್ಣಲ್ಲಿ ನೀರಿತ್ತು. ಖುಷಿಯೋ ಭಯವೋ ಅವರಿಗೇ ಗೊತ್ತಿದ್ದಂತಿರಲಿಲ್ಲ. "ನಾನ್ ಊದ್ತೀನಿ, ಅವನು ಬತ್ತಾನೆ."

ಹಲ್ಲಿನ ಆಕಾರ ಬದಲಾದರೆ ಗಾಳಿಯ ದಾರಿ ಬದಲಾಗುತ್ತದೆ, ನಾದವೂ ಬದಲಾಗುತ್ತದೆ, ಇದರಲ್ಲಿ ಆಶ್ಚರ್ಯವೇನಿಲ್ಲ ಎಂದು ನಾನು ಅವರಿಗೆ ವಿವರಿಸಿದೆ. ಗಂಗಮ್ಮನಿಗೆ ಕಂಪ್ರೆಸರಿನ ವಿಷಯ ವಿವರಿಸಿದ್ದು ಇದೇ ದನಿಯಲ್ಲಿ. ಅಜ್ಜಿ ಬದುಕಿದ್ದಿದ್ದರೆ ಎಂಜಲಿನ ಮಾತೆತ್ತಿ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದರು.

ಆ ಗುರುವಾರ ಮಾವನ ಜೊತೆ ನಾನೂ ಕುಣಿಗಲ್ಲಿಗೆ ಹೋದೆ. ಅಂತೋಣಿ ಹೋದ ಮೇಲೂ ಮಾವ ಗುರುವಾರ ತಪ್ಪಿಸಿರಲಿಲ್ಲ. ತಮ್ಮ ನಾಲ್ಕು ನುಡಿಸಿ, ಅವನ ನಾಲ್ಕು ಖಾಲಿ ಬಿಟ್ಟು, ಸೆಲಿನಮ್ಮ ಕೊಟ್ಟ ಟೀ ಕುಡಿದು ಬರುತ್ತಿದ್ದರು. ಹಲ್ಲು ಕೀಳಿಸಿದ ಮೇಲೆ ವಾದ್ಯ ಒಯ್ದದ್ದು ಮಾತ್ರ ಇದೇ ಮೊದಲು. ಸೆಲಿನಮ್ಮನಿಗೆ ಕಣ್ಣಲ್ಲಿ ಪೊರೆ ಬಂದು ಮನುಷ್ಯರು ಮಸುಕಾಗಿ ಕಾಣುತ್ತಿದ್ದರು. ಮರೆವಿನ ಕಾಯಿಲೆಯೇನೂ ಇರಲಿಲ್ಲ. ನಾನು ಮಗುವಾಗಿದ್ದಾಗ ಅವರ ಮನೆಯಲ್ಲಿ ಏನು ತಿಂದಿದ್ದೆ ಎಂಬುದನ್ನೂ ಹೇಳಿದರು, ಸಂಜೆಯ ತುಮಕೂರು ಬಸ್ಸಿನ ಟೈಮು ಬದಲಾಗಿರುವುದನ್ನೂ ಹೇಳಿದರು. ಆಮೇಲೆ ಟೀ ಇಡಲು ಒಳಗೆ ಹೋದರು. ಮಾವ ವರಾಂಡದ ಕುರ್ಚಿಯಲ್ಲಿ ಕೂತು ನುಡಿಸಲು ಶುರು ಮಾಡಿದರು.

ಒಳಗೆ ಪಾತ್ರೆಯ ಸದ್ದು ನಿಂತಿತು. ಸೆಲಿನಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ಬಾಗಿಲಲ್ಲಿ ನಿಂತರು. ಅಳಲಿಲ್ಲ, ಬೆರಗಾಗಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, "ಬಂದ್ರಾ," ಎಂದಷ್ಟೇ ಅಂದರು. ಮಾವ ನಾಲ್ಕು ಮುಗಿಸಿ ನಿಲ್ಲಿಸಿದರು. ಈಗ ಖಾಲಿ ಉಳಿದದ್ದು ಯಾರ ನಾಲ್ಕು ಎಂದು ನನಗೆ ಹೊಳೆದದ್ದು ಆಗಲೇ. ಸೆಲಿನಮ್ಮ ಮೆಲ್ಲಗೆ ಬೆರಳಲ್ಲಿ ತಾಳ ಹಾಕುತ್ತ ಆ ಖಾಲಿಯನ್ನು ಕೇಳಿದರು, ಸುತ್ತಲೂ ನೋಡಿದರು. ಆಮೇಲೆ ಮಾವನ ಮುಖಕ್ಕೆ ಮುಖ ಕೊಟ್ಟು ಕೇಳಿದರು, "ರುದ್ರಣ್ಣ ಯಾಕ್ ಬರ್ಲಿಲ್ಲ?"

ಮಾವ ವಾದ್ಯ ಬಿಚ್ಚಿ ಪೆಟ್ಟಿಗೆಗೆ ಹಾಕಿದರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರು. ತುಮಕೂರು ಬಂದ ಮೇಲೆ ಇಳಿಯುತ್ತ, "ಅಲ್ಲ ಕಣಮ್ಮ, ಅವನೇನೋ ಬಂದ. ನಾನ್ ಎಲ್ಲೋದೆ?" ಎಂದರು.

ಮುಂದಿನ ಎರಡು ತಿಂಗಳು ಗುರುವಾರ ಗುರುವಾರ ಅದೇ ನಡೆಯಿತು. ಸೆಲಿನಮ್ಮನ ಮುಖದಲ್ಲಿ ಕಳೆ ಬಂತು. ಬುಧವಾರವೇ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುತ್ತಿದ್ದರಂತೆ. ಮಾವ ಮಾತ್ರ ಸೊರಗುತ್ತ ಬಂದರು. ಮನೆಯಲ್ಲಿ ಎಷ್ಟು ಹೊತ್ತು ಅಭ್ಯಾಸ ಮಾಡಿದರೂ ಹೊರಗೆ ಬರುವುದು ಅಂತೋಣಿಯೇ. ತಮ್ಮದೊಂದು ಸ್ವರವೂ ಬಾಯಿಗೆ ಸಿಗುತ್ತಿರಲಿಲ್ಲ. ಬರಬರುತ್ತ ಮಾತು ಕಡಿಮೆಯಾಯಿತು. ದೊಡ್ಡಮಾವ, ಅಂದರೆ ಅವರಣ್ಣ, "ಇವನ್ ಮನೇಲಿದ್ರೂ ಇಲ್ದಂಗ್ ಇರ್ತಾನೆ. ಮೂರ್ ಸಲ ಕೂಗಿದ್ರೂ ಓ ಅನ್ನಲ್ಲ," ಎಂದು ನನಗೆ ಫೋನ್ ಮಾಡಿದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಒಬ್ಬ ಮನುಷ್ಯನನ್ನು ನಾನೇ ನನ್ನ ಕೈಯಾರೆ ತೀಡಿ ಅಳಿಸಿಬಿಟ್ಟೆ ಎಂಬ ಭಾವನೆ ಬಂದು ಊಟ ಸೇರದಾಯಿತು.

ಈ ಅಚ್ಚನ್ನು ಕೆಳಗಿಳಿಸಿ ಇನ್ನೊಂದು ಸೆಟ್ಟು ಕಟ್ಟಲು ಕೂತೆ. ಓದಿದ್ದನ್ನೆಲ್ಲ ಮರೆತು, ಬಲಗಡೆಯ ಮುಂದಿನ ಹಲ್ಲನ್ನು ಅಚ್ಚಿನಲ್ಲಿದ್ದಷ್ಟೇ ಓರೆಗೆ, ಅಷ್ಟೇ ಆಳಕ್ಕೆ, ಭೂತಗನ್ನಡಿ ಹಿಡಿದು ಕೊರೆದೆ. ಒಳ್ಳೆಯ ಹಲ್ಲನ್ನು ಬೇಕೆಂದೇ ಮುರಿದದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ. ಮಾವ ಹಾಕಿಕೊಂಡು ವಾದ್ಯ ಕಚ್ಚಿದರು. 'ಸ್ಸ್' ಎಂದಿತು. ಆ ಸೋರುಗಾಳಿಯ ಹಿಂದೆಯೇ ಅವರ ಸ್ವರ ಬಂತು. ಮಾವ ವಾದ್ಯ ಇಳಿಸಿ ತಮ್ಮ ಎದೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ನಾನು ಬೇಸಿನ್ನಿನ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡೆ.

ಆಮೇಲಿನ ಗುರುವಾರ ನೀವು ಆ ವರಾಂಡದಲ್ಲಿದ್ದಿದ್ದರೆ ನಗುತ್ತಿದ್ದಿರೋ ಎದ್ದು ಓಡುತ್ತಿದ್ದಿರೋ ಗೊತ್ತಿಲ್ಲ. ಮಾವನ ಯೋಚನೆ ಸರಳವಾಗಿತ್ತು: ಚೆಂದದ ಹಲ್ಲಿನಲ್ಲಿ ಅವನ ನಾಲ್ಕು, ಮುರುಕು ಹಲ್ಲಿನಲ್ಲಿ ತಮ್ಮ ನಾಲ್ಕು. ಚೆಂದದ ಹಲ್ಲಿನಲ್ಲಿ ಶುರು ಮಾಡಿದರು. ಸೆಲಿನಮ್ಮ ಸೆರಗು ಎಳೆದುಕೊಂಡು ಬಂದು ಕೂತರು. ನಾಲ್ಕು ಮುಗಿಯಿತು. ಮಾವ ಸರಕ್ಕನೆ ಆ ಹಲ್ಲು ತೆಗೆದು ಕರವಸ್ತ್ರಕ್ಕೆ ಹಾಕಿ, ಜೇಬಿನಿಂದ ಇನ್ನೊಂದು ತೆಗೆದು ಬಾಯಿಗೆ ಒತ್ತಿಕೊಂಡು, ತಾಳ ಕೈಬಿಡದೆ ತಮ್ಮ ನಾಲ್ಕು ನುಡಿಸಿದರು. ಸೆಲಿನಮ್ಮನ ಮುಖ ಅರಳಿತು.

"ಬಂದ್ರಾ ರುದ್ರಣ್ಣ. ಕೂತ್ಕಳಿ ಕೂತ್ಕಳಿ," ಎಂದರು. ಆಮೇಲೆ ಗೇಟಿನ ಕಡೆ ಕೈ ತೋರಿಸಿ, "ಎಂಥಾ ಕೆಲಸ ಆಯ್ತು ನೋಡಿ. ಅವರು ಈಗ್ ತಾನೇ ಎದ್ದು ಹೋದ್ರು," ಎಂದರು.

ಗೇಟು ತೆರೆದಿತ್ತು. ನಾವು ಬಂದಾಗ ಅದನ್ನು ಹಾಕಿದ್ದು ನಾನೇ. ಚಿಲಕ ಸಡಿಲವಿದ್ದಿರಬೇಕು, ಗಾಳಿಗೆ ತೆರೆದಿರಬೇಕು.

ಮಾವ ಬಹಳ ಹೊತ್ತು ಕರವಸ್ತ್ರದ ಗಂಟು ನೋಡುತ್ತ ಕೂತರು. ಟೀ ಆರಿಹೋಯಿತು. ಕೊನೆಗೆ ಆ ಗಂಟನ್ನು ನನ್ನ ಕೈಗಿಟ್ಟರು. "ಇದನ್ನ ನೀನೇ ಇಟ್ಕೊ. ಅವನ್ ನಾಲ್ಕು ನಾನ್ ನುಡಿಸ್ಬಾರ್ದು ಕಣಮ್ಮ. ಖಾಲಿ ಇದ್ರೇನೇ ಅವನು ಬರೋದು. ನಾನ್ ಹೋಗಿ ಅಲ್ಲಿ ಕೂತ್ಕಂಡ್ರೆ ಇಬ್ರಿಗೂ ಜಾಗ ಇಲ್ಲ." ಅವರು ಹೀಗೆ ಹೇಳಿದ್ದು ಸೆಲಿನಮ್ಮನ ಎದುರಿಗೇ. ಸೆಲಿನಮ್ಮ ಆರಿದ ಟೀ ಲೋಟ ಎತ್ತಿಕೊಂಡು, "ಸರಿ ರುದ್ರಣ್ಣ," ಎಂದರು. ಅವರಿಗೆ ಎಲ್ಲ ಗೊತ್ತಿತ್ತೋ ಏನೂ ಗೊತ್ತಿರಲಿಲ್ಲವೋ ಎಂದು ನಾನು ಇವತ್ತಿಗೂ ಹೇಳಲಾರೆ. ಅವತ್ತಿನಿಂದ ಮಾವ ಮೊದಲಿನಂತೆ ತಮ್ಮ ನಾಲ್ಕು ನುಡಿಸಿ, ಅವನ ನಾಲ್ಕು ಖಾಲಿ ಬಿಟ್ಟರು. ಮನೆಯಲ್ಲಿ ಒಂದೇ ಸಲ ಕೂಗಿದರೂ ಓಗೊಡುವಂತಾದರು.

ಕಳೆದ ಮಾಘಮಾಸದಲ್ಲಿ ಒಂದು ರಾತ್ರಿ ಊಟ ಮಾಡಿ ಮಲಗಿದ ಮಾವ ಬೆಳಿಗ್ಗೆ ಏಳಲಿಲ್ಲ. ಹಲ್ಲಿನ ಸೆಟ್ಟು ಕಿಟಕಿಯ ಮೇಲೆ ನೀರಿನ ಲೋಟದಲ್ಲಿತ್ತು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಬಳಿದು, ಹೂವು ಹಾಕಿ ಎಲ್ಲರಿಗೂ ಮುಖ ತೋರಿಸುತ್ತಾರೆ. ಕೂರಿಸಿದಾಗ ಬಾಯಿ ಒಳಗೆ ಹೋಗಿ ಮಾವ ಮಾವನಂತೆ ಕಾಣಲಿಲ್ಲ. ನಾನು ಹೋಗುತ್ತಿದ್ದಂತೆ ದೊಡ್ಡಮಾವ ಪಕ್ಕಕ್ಕೆ ಕರೆದರು. "ನೀನ್ ಮೊದಲು ಮಾಡ್ಕೊಟ್ಟ ಚೆಂದದ್ ಸೆಟ್ಟು ನಿನ್ ಹತ್ರಾನೇ ಐತಂತಲ್ಲ, ಅದನ್ ಹಾಕ್ಬುಡಮ್ಮ. ಜನ ಫೋಟೋ ಹಿಡೀತಾರೆ. ಈ ಮುರುಕು ಯಾಕೆ, ಕೊನೇ ಸಲ ಚೆನ್ನಾಗ್ ಕಾಣ್ಲಿ."

ಚೆಂದದ ಸೆಟ್ಟು ನನ್ನ ಬ್ಯಾಗಿನಲ್ಲೇ ಇತ್ತು. ಗಾಬರಿಯಲ್ಲಿ ಹೊರಡುವಾಗ ಯಾಕೆ ಅದನ್ನು ತೆಗೆದುಕೊಂಡೆನೋ ನನಗೇ ತಿಳಿಯದು. ಸುತ್ತಲೂ ಜನ ಕಾಯುತ್ತಿದ್ದರು. ಒಂದು ಗಳಿಗೆ ಕೈ ಆ ಕಡೆ ಹೋದದ್ದೂ ನಿಜ. ಹಿರಿಯರ ಮಾತು, ಫೋಟೋ, ನನ್ನದೇ ಕೈಚಳಕದ ಮೇಲಿನ ಹಳೆಯ ಹೆಮ್ಮೆ.

"ಅದು ಮಾವನದಲ್ಲ," ಎಂದೆ.

ಲೋಟದಿಂದ ಮುರುಕು ಹಲ್ಲಿನ ಸೆಟ್ಟು ತೆಗೆದು, ಒರೆಸಿ, ಮಾವನ ಬಾಯಿ ಮೆಲ್ಲಗೆ ಬಿಡಿಸಿ ಒಳಗಿಟ್ಟು, ಹೆಬ್ಬೆರಳಿನಿಂದ ಒತ್ತಿ ಕೂರಿಸಿದೆ. ತುಟಿ ತನ್ನ ಜಾಗಕ್ಕೆ ಬಂತು. ಮುರುಕು ಹಲ್ಲಿನ ತುದಿ ಕೊಂಚ ಕಂಡಿತು. ದೊಡ್ಡಮಾವ ಮುಖ ಗಂಟಿಕ್ಕಿದರು. ಫೋಟೋದಲ್ಲಿ ಅದು ಈಗಲೂ ಕಾಣುತ್ತದೆ ಎಂದು ನೆಂಟರು ಹೇಳುತ್ತಾರೆ. ಸಂಜೆ ಐದರ ಒಳಗೆ ತೋಟದಲ್ಲಿ ಮಣ್ಣು ಮಾಡಿದೆವು.

ಅದು ಮಂಗಳವಾರ. ಗುರುವಾರ ನಾನು ಕುಣಿಗಲ್ಲಿಗೆ ಹೋದೆ. ಫೋನಿನಲ್ಲಿ ಹೇಳಲು ಬಾಯಿ ಬಂದಿರಲಿಲ್ಲ. ಸೆಲಿನಮ್ಮ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ವರಾಂಡದಲ್ಲಿ ಕೂತಿದ್ದರು. ನಾನು ಎದುರಿನ ಬೆಂಚಿನ ಮೇಲೆ ಕೂತೆ.

"ಮಾವ ಹೋಗ್ಬಿಟ್ರು ಆಂಟಿ," ಎಂದೆ. ಎಂದದ್ದೇ ತಡ, ಎರಡು ದಿನದಿಂದ ತಡೆದುಕೊಂಡಿದ್ದ ಅಳು ಬಂತು.

ಅವರು ನನ್ನ ಮಂಡಿಯ ಮೇಲೆ ಕೈಯಿಟ್ಟು ಅಳು ಮುಗಿಯುವವರೆಗೆ ಕಾದರು. ಒಳಗಿನ ಗಡಿಯಾರ ಐದು ಹೊಡೆಯಿತು. ಅವರ ಬೆರಳು ನನ್ನ ಮಂಡಿಯ ಮೇಲೆಯೇ ತಾಳ ಹಾಕತೊಡಗಿತು. ನಾನು ಚಿಕ್ಕಂದಿನ ಅಭ್ಯಾಸಕ್ಕೆ ಬೆರಳು ಮಡಿಸಿದೆ. ನಾಲ್ಕು ಸುತ್ತು ಖಾಲಿ. ಇನ್ನೊಂದು ನಾಲ್ಕು ಖಾಲಿ. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಹೋಯಿತು, ಆಮೇಲೆ ಅದರ ಸದ್ದೂ ದೂರವಾಯಿತು. ಇನ್ನೊಂದು ನಾಲ್ಕಿನ ಮೊದಲ ಸುತ್ತಿಗೆ ನಾನು ಹೆಬ್ಬೆರಳು ಮಡಿಸಿದೆ.

'ಸ್ಸ್' ಎಂದಿತು.

ಅಷ್ಟೇ. ಅದರ ಹಿಂದೆ ಸ್ವರ ಬರಲಿಲ್ಲ. ಅಥವಾ ಬಂದದ್ದು ನನಗೆ ಕೇಳಲಿಲ್ಲ, ಸೆಲಿನಮ್ಮನಿಗೆ ಕೇಳಿತು, ಅವರು ತಲೆದೂಗಿದರು. ಗಾಳಿ ಎಲ್ಲಿಂದ ಬೇಕಾದರೂ ಸೋರುತ್ತದೆ, ನನಗೆ ಗೊತ್ತು. ಕಿಟಕಿಯ ಸಂದಿಯಿಂದ, ಕುಕ್ಕರಿನಿಂದ, ಸೈಕಲ್ಲಿನ ಟ್ಯೂಬಿನಿಂದ. ಆದರೆ ಆ ಒಂದು ಸಂದಿಯ ಗಾಳಿ ನನಗೆ ಬೇರೆಯೇ ಗೊತ್ತು. ಭೂತಗನ್ನಡಿ ಹಿಡಿದು ಅದನ್ನು ಕೊರೆದವಳು ನಾನು. ಎರಡು ದಿನದ ಹಿಂದೆ ನನ್ನ ಹೆಬ್ಬೆರಳಿನಿಂದ ಅದನ್ನು ಒತ್ತಿ ಕೂರಿಸಿದವಳೂ ನಾನೇ.

"ಬಂದ್ರಾ ರುದ್ರಣ್ಣ," ಎಂದರು ಸೆಲಿನಮ್ಮ, ನನ್ನ ಪಕ್ಕದ ಕಡೆ ನೋಡುತ್ತ. "ಕೂತ್ಕಳಿ. ಇವತ್ತು ಅವರೂ ಇಲ್ಲೇ ಅವ್ರೆ."

ನಾನು ತಿರುಗಿ ನೋಡಲಿಲ್ಲ. ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, ಬೆಂಚಿನ ತುದಿಗೆ ಸರಿದು, ಇಬ್ಬರು ಕೂರುವಷ್ಟು ಜಾಗ ಬಿಟ್ಟೆ.